ಹೊಲಿಗೆ ಮಾಸ್ತರರು ಆರಿಸಿದ ಕ್ಯಾಮೆರಾ

"ಇನ್ನ ಸಾಕ್ರಿ ಅಕ್ಕಾರ. ದಸರಾ ಸೂಟಿಗೆ ಕರಕೊಂಡ ಹೋದ್ರ ತಿರುಗಿ ಕಳಸಂಗಿಲ್ಲ."

ಹೀಗೆಂದವರು ನನ್ನ ವರ್ಗದ ಒಬ್ಬ ಹುಡುಗಿಯ ಅಪ್ಪ. ನಮ್ಮದು ಗೋಕಾಕದಲ್ಲಿ ಕಿವಿ ಕೇಳಿಸದ ಮಕ್ಕಳಿಗಾಗಿ ಇದ್ದ ಸಣ್ಣ ವಸತಿ ಶಾಲೆ. ಮೊದಲಿನಿಂದ ಅದೇ ಮಕ್ಕಳ ಜೊತೆಗೇ ಏರುತ್ತ ಬಂದು ನಾನು ಆಗ ಎರಡನೆಯ ಇಯತ್ತೆಗೆ ಕಲಿಸುತ್ತಿದ್ದೆ. ಅವರ ಊರು ಮೂಡಲಗಿಯಿಂದ ಆಚೆ, ಕಾಲುವೆ ದಂಡೆಯ ಒಂದು ಹಳ್ಳಿ. ಸ್ವಲ್ಪ ಹೊಲ, ಒಂದು ಹಿಂಡು ಕುರಿ. ಹೆಗಲ ಮೇಲಿನ ಕಂಬಳಿ ತೆಗೆಯದೆ, ಕೊಟ್ಟ ಕುರ್ಚಿಯಲ್ಲಿ ಕೂರದೆ, ಬಾಗಿಲಿಗೆ ಒರಗಿ ನಿಂತೇ ಮಾತಾಡಿದರು.

"ಯಾಕ್ರಿ? ಇಲ್ಲಿ ಅಕಿಗೆ ಏನರ ತ್ರಾಸ ಆಗೈತೇನು?"

"ಇಲ್ಲಿ ತ್ರಾಸಿಲ್ರಿ. ಇಲ್ಲಿ ನಗತಾಳ, ಆಡತಾಳ, ನಾನಾ ನೋಡೇನಿ. ತ್ರಾಸು ನಮ್ಮನ್ಯಾಗ. ಮೂರ ವರ್ಷ ಆತು, ಮನೀಗೆ ಬಂದ್ರ ಬರೇ ಕೈ ಆಡಸ್ತಾಳ. ನಮಗ ಒಂದೂ ತಿಳಿಯಂಗಿಲ್ಲ. ಮದಲ ಹಂಗಿರಲಿಲ್ರಿ. ನನ್ನ ಜೋಡಿ ಕುರಿ ಹಿಂದ ಬರತಿದ್ಲು, ತನ್ನಷ್ಟಕ್ಕ ತಾ ಇರತಿದ್ಲು. ಈಗ ಏನೋ ಕೇಳತಾಳ. ನಮಗ ತಿಳೀದಿದ್ರ ಅಳತಾಳ. ಬ್ಯಾಸಗಿ ಸೂಟ್ಯಾಗ ಮೂಗು ತೋರಿಸಿ ತೋರಿಸಿ ಬೇಡಿದ್ಲು. ಹುಡುಗಿ ಆಸೆ ಪಡತೈತಿ ಅಂತ ಮೂಗು ಚುಚ್ಚಿಸಿ ನತ್ತು ಹಾಕಿಸಿದ್ವಿ. ಹಾಕಿದ ಮ್ಯಾಲೂ ಮತ್ತ ಮೂಗಾ ತೋರಸ್ತಾಳ. ಇನ್ನೇನ ಮಾಡೂದ್ರಿ?"

ನಮ್ಮ ಮಕ್ಕಳ ಕೈಮಾತಿನಲ್ಲಿ ಮೂಗಿನ ಬದಿಗೆ ಬೆರಳು ಮುಟ್ಟಿಸಿದರೆ 'ಹೆಣ್ಣು' ಎಂದರ್ಥ. ಅವ್ವನನ್ನು ಕರೆಯುತ್ತಿರಬೇಕು ಎಂದೆ.

"ಅವ್ವ ಮುಂದನಾ ಕುಂತಿರತಾಳಲ್ರಿ," ಎಂದರು.

ಆ ಸಂಜೆ ಹುಡುಗಿಯನ್ನು ಕರೆದು, ಮೂಗು ಯಾಕೆ ತೋರಿಸುತ್ತೀ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಇವಳಿಗೂ ಗೊತ್ತಿರಲಿಕ್ಕಿಲ್ಲ ಎನ್ನುವ ಹಾಗೆ, ಆಡಲು ಓಡಿದಳು.

ಶಾಲೆಯಲ್ಲಿ ಆಗ ತುಟಿ ನೋಡಿ ಮಾತು ತಿಳಿಯುವುದನ್ನೇ ಕಲಿಸುತ್ತಿದ್ದೆವು. ಪಾಠ ನಡೆದಾಗ ಕೈಗಳು ಬಾಕಿನ ಮೇಲೆ ಸುಮ್ಮನಿರಬೇಕು. ಘಂಟೆಯ ದೀಪ ಹತ್ತಿದ ಕ್ಷಣ ಅದೇ ಕೈಗಳು ಹಕ್ಕಿಗಳ ಹಾಗೆ ಏಳುತ್ತಿದ್ದವು. ನನಗೆ ಗೊತ್ತಿದ್ದ ಅಷ್ಟಿಷ್ಟು ಕೈಮಾತನ್ನು ಕಲಿಸಿದವರು ಹೊಲಿಗೆ ಮಾಸ್ತರರು. ದೊಡ್ಡ ಮಕ್ಕಳಿಗೆ ಕತ್ತರಿ-ಹೊಲಿಗೆ ಕಲಿಸುತ್ತಿದ್ದ ಅವರಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಕನ್ನಡವನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ಚೋಟುದ್ದದ ವಹಿ ಮತ್ತು ಪೆನ್ಸಿಲ್ಲು.

ಮನೆಯವರಿಗೂ ಕೈಮಾತು ಕಲಿಸಬೇಕು ಎಂದು ನಾನು ಹಿಂದೆಯೇ ಚಿತ್ರದ ತಕ್ತೆಗಳನ್ನು ಬರೆದು ಹಂಚಿದ್ದೆ. ಅದು ಫಲಿಸಲಿಲ್ಲ. ಚಿತ್ರದ ಕೈ ನಿಂತಲ್ಲೇ ನಿಂತಿರುತ್ತದೆ. 'ಬಾ' ಮತ್ತು 'ಹೋಗು' ಎರಡಕ್ಕೂ ಚಿತ್ರ ಹೆಚ್ಚುಕಡಿಮೆ ಒಂದೇ. ಮಮದಾಪುರದ ಒಂದು ಮನೆಯಲ್ಲಿ ನನ್ನ ತಕ್ತೆ ಹಿಟ್ಟಿನ ಡಬ್ಬಿಗೆ ಮುಚ್ಚಳವಾಗಿತ್ತು. ಅವರದೇನೂ ತಪ್ಪಿಲ್ಲ. ಓಡಾಡುವ ಮಾತನ್ನು ನಾನು ಕಾಗದಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದೆ.

ಹೀಗಾಗಿ ಕ್ಯಾಮೆರಾದ ವಿಚಾರ ಬಂತು. ಡಿಜಿಟಲ್ ಹ್ಯಾಂಡಿಕ್ಯಾಮುಗಳು ಆಗಷ್ಟೇ ನಮ್ಮ ಕಡೆಯ ಅಂಗಡಿಗಳಿಗೆ ಬರತೊಡಗಿದ್ದವು. ಹೆಡ್ ಮಾಸ್ತರು ವಸತಿಗೆ ಹೊಸ ಟಿ.ವಿ. ತರಲು ಯೋಚಿಸಿದ್ದರು.

"ಟಿ.ವಿ. ಇಲ್ಲಾ ಕ್ಯಾಮೆರಾ. ಎರಡೂ ಆಗಂಗಿಲ್ಲ ನೋಡ್ರಿ ಬಾಯಾರ," ಎಂದರು.

ಹಳೆಯ ಟಿ.ವಿ. ಇನ್ನೊಂದು ವರ್ಷ ನಡೆಯಲಿ ಎಂದೆ. ಮಕ್ಕಳ ಟಿ.ವಿ.ಯನ್ನು ಕಿತ್ತುಕೊಂಡ ಮೇಲೆ ಆರಿಸುವಲ್ಲಿ ತಪ್ಪು ಮಾಡುವ ಹಾಗಿರಲಿಲ್ಲ. ನನಗೋ ಸಾದಾ ಕ್ಯಾಮೆರಾಕ್ಕೆ ರೀಲು ಹಾಕುವುದೂ ಸರಿಯಾಗಿ ಬರುತ್ತಿರಲಿಲ್ಲ.

ಸಂಕೇಶ್ವರದಲ್ಲಿ ಮದುವೆ ವಿಡಿಯೋ ತೆಗೆಯುವ ಒಬ್ಬರಿದ್ದರು. ಮೊದಲು ಅವರ ಹತ್ತಿರ ಹೋದೆ. ಹೆಗಲ ಮೇಲೆ ಹೊರುವ ಅವರ ಕ್ಯಾಮೆರಾ ಕೂಸಿನಷ್ಟು ಭಾರವಿತ್ತು.

"ಝೂಮಿಗೆ ಮರುಳಾಗಬ್ಯಾಡ್ರಿ," ಎಂದು ಅವರು ಹೇಳಿದರು. "ಅಂಗಡ್ಯಾಗ ಏಳನೂರ ಪಟ್ಟು ಅಂತಾರ. ಡಿಜಿಟಲ್ ಝೂಮ್ ಅಂದ್ರ ಚಿತ್ರಾನ ಹಿಂಜೂದು, ಹತ್ತರ ತರೂದಲ್ಲ. ಗಾಜಿನ ಝೂಮ್ ಎಷ್ಟೈತಿ ಅಷ್ಟ ಕೇಳ್ರಿ. ಟಿ.ವಿ.ಗೆ ಹಚ್ಚೂ ವಾಯರ್ ಕೊಡತಾರೇನು ನೋಡ್ರಿ. ಮತ್ತ ನಿಮಗ ಏನ ತೆಗೀಬೇಕಾಗೈತಿ, ಅದನ್ನ ಅಲ್ಲೇ ಅಂಗಡ್ಯಾಗ ತೆಗದು ನೋಡ್ರಿ. ಮನೀಗೆ ಬಂದ ಮ್ಯಾಲಲ್ಲ."

ನಾನು ತೆಗೆಯಬೇಕಾದದ್ದು ಕೈ. ಅದನ್ನು ನೋಡಿ ಅಳೆಯಬಲ್ಲ ಕಣ್ಣು ನನ್ನದಲ್ಲ. ಮುಂದಿನ ಭಾನುವಾರ ಹೊಲಿಗೆ ಮಾಸ್ತರರನ್ನು ಕರೆದುಕೊಂಡು ಕೊಲ್ಹಾಪುರದ ಬಸ್ಸು ಹತ್ತಿದೆ.

ಅಂಗಡಿಯವರು ಗಾಜಿನ ಕಟ್ಟೆಯ ಮೇಲೆ ಮೂರು ಕ್ಯಾಮೆರಾ ಇಟ್ಟರು. ಮಾಸ್ತರರು ಮೂರರ ಮುಂದೆಯೂ ನಿಂತು ಒಂದೇ ವಾಕ್ಯವನ್ನು ಕೈಯಲ್ಲಿ ಹೇಳಿದರು. ನಾನು ತೆಗೆದೆ. ಆಮೇಲೆ ಒಂದೊಂದನ್ನೂ ಹಿಂದಕ್ಕೆ ಓಡಿಸಿ ನೋಡಿದರು. ಮೊದಲನೆಯದರಲ್ಲಿ ಬೆರಳುಗಳು ತಿರುಗುವ ಫ್ಯಾನಿನ ರೆಕ್ಕೆಗಳ ಹಾಗೆ ಕಲೆಸಿಹೋಗಿದ್ದವು. ಎರಡನೆಯದು ಸ್ಪಷ್ಟವಾಗಿತ್ತು, ಆದರೆ ಅದರ ಪರದೆ ತೆಗೆಯುವವನ ಕಡೆಗೆ ಮಾತ್ರ. ಎದುರು ನಿಂತವರಿಗೆ ತಾವು ಹೇಗೆ ಕಾಣುತ್ತಿದ್ದೇವೆಂದು ತಿಳಿಯದು. ಮೂರನೆಯದು ನೋಡಲು ಎಲ್ಲಕ್ಕಿಂತ ಸಪ್ಪೆ. ಗಾಜಿನ ಝೂಮ್ ಹತ್ತು ಪಟ್ಟು ಅಷ್ಟೇ. ಆದರೆ ಪರದೆ ಪೂರ್ತಿ ಎದುರಿಗೆ ತಿರುಗುತ್ತಿತ್ತು, ಬೆರಳು ಕಲೆಸದಂತೆ ಶಟರಿನ ವೇಗವನ್ನು ನಾವೇ ಏರಿಸಬಹುದಿತ್ತು, ಟೇಪನ್ನು ಮೆಲ್ಲಗೆ ಓಡಿಸಿ ಬೇಕೆಂದಲ್ಲಿ ನಿಲ್ಲಿಸಿದರೆ ಚಿತ್ರ ನಡುಗದೆ ನಿಲ್ಲುತ್ತಿತ್ತು. ಮಾಸ್ತರರು ಒಂದು ಕಡೆ ನಿಲ್ಲಿಸಿ, ಕಿರುಬೆರಳು ಕಾಣುತ್ತಿಲ್ಲ ಎಂದು ತೋರಿಸಿದರು. ಕ್ಯಾಮೆರಾವನ್ನು ಬಾಗಿಲ ಬೆಳಕಿಗೆ ಒಯ್ದು ಮತ್ತೆ ತೆಗೆದೆವು. ಕಿರುಬೆರಳು ಬಂತು. ಮಾಸ್ತರರು ನನ್ನತ್ತ ತಿರುಗಿ ಏನೋ ಹೇಳಿದರು.

"ಏನ ಅಂತಾರ ಕಾಕಾ?" ಎಂದು ಅಂಗಡಿಯವರು ಕೇಳಿದರು.

"ಇದರಾಗ ನಾ ತೊದಲಂಗಿಲ್ಲ ಅಂತಾರ," ಎಂದೆ. ಅದನ್ನೇ ತಂದೆವು.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕ್ಯಾಸೆಟ್ಟು. ಒಂದರಲ್ಲಿ ಒಂದು ತಾಸು ಹಿಡಿಯುತ್ತಿತ್ತು. ನೂರು ಶಬ್ದಗಳ ಪಟ್ಟಿ ಮಾಡಿಕೊಂಡೆ. ಶಬ್ದವನ್ನು ನಾನು ಬಾಯಲ್ಲಿ ಹೇಳುವುದು, ಕೈಯಲ್ಲಿ ತೋರಿಸುವುದು, ಮಾಸ್ತರರು ತೆಗೆಯುವುದು. ಮೊದಲ ದಿನ ವರ್ಗದಲ್ಲೇ, ಕಿಟಕಿಗೆ ಬೆನ್ನು ಮಾಡಿ ನಿಂತೆ. ಟಿ.ವಿ.ಗೆ ಹಚ್ಚಿ ನೋಡಿದರೆ ಬೆಳಗುವ ಕಿಟಕಿ, ಅದರ ಮುಂದೆ ಒಂದು ಕಪ್ಪು ಹೆಂಗಸು. ಎರಡನೆಯ ದಿನ ಮುಖ ಚೆನ್ನಾಗಿ ಬರಲೆಂದು ಹತ್ತಿರದಿಂದ ತೆಗೆದದ್ದರಿಂದ ಕೈ ಚೌಕಟ್ಟಿನ ಹೊರಗೆ ಹೋಗಿ ಬರುತ್ತಿತ್ತು. ಮೂರನೆಯ ದಿನ ಉಟ್ಟದ್ದು ದೊಡ್ಡ ಹೂವಿನ ಸೀರೆ. ಹೂಗಳ ನಡುವೆ ಬೆರಳು ಹುಡುಕಬೇಕಾಯಿತು, ಫೋಕಸ್ಸು ಸಹ ದಿಕ್ಕು ತಪ್ಪಿ ಹಿಂದೆ ಮುಂದೆ ಜೀಕತೊಡಗಿತು. ಕಡೆಗೆ ಬೆಳಗಿನ ಎಂಟಕ್ಕೆ, ಅಂಗಳದ ಬೇವಿನ ನೆರಳಿನಲ್ಲಿ, ಒಂದೇ ಬಣ್ಣದ ನೀಲಿ ಸೀರೆ ಉಟ್ಟು, ತಲೆಯಿಂದ ಸೊಂಟದವರೆಗೆ ಎರಡೂ ಬದಿಗೆ ಮೊಳ ಮೊಳ ಜಾಗ ಬಿಟ್ಟು ನಿಂತಾಗ ಮಾತು ಮಾತಾಗಿ ಕಂಡಿತು.

ಅಷ್ಟಾದ ಮೇಲೆ ಇನ್ನೊಂದು ಜಾಣತನ ಮಾಡಿದೆ. ಟೇಪು ಉಳಿಯಲೆಂದು, ಒಂದು ತಾಸಿನದರಲ್ಲಿ ಒಂದೂವರೆ ತಾಸು ಹಿಡಿಯುವ ನಿಧಾನದ ಓಟಕ್ಕೆ ಇಟ್ಟು ನಾಲ್ಕು ದಿನ ತೆಗೆಸಿದೆ. ಹಾಕಿ ನೋಡಿದರೆ ಚಿತ್ರ ಅಲ್ಲಲ್ಲಿ ಚೌಕ ಚೌಕವಾಗಿ ಒಡೆದು, ಕೈ ಇರಬೇಕಾದಲ್ಲಿ ಪಗಡೆ ಹಾಸು ಇತ್ತು. ನಾಲ್ಕು ದಿನದ ಕೆಲಸ ಮತ್ತೆ ಮೊದಲಿನಿಂದ.

ಪಟ್ಟಿ ಮುಗಿದದ್ದು ದಸರಾ ಹತ್ತಿರ ಬಂದಾಗ. ಹುಕ್ಕೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಮನೆಯ ಹುಡುಗನೊಬ್ಬ ನನ್ನ ವರ್ಗದಲ್ಲಿದ್ದ. ಅವನು ಮನೆಗೆ ಹೋಗುವ ಭಾನುವಾರ ಮಾಸ್ತರರೂ ನಾನೂ ಜೊತೆಗೆ ಹೋದೆವು. ಮನೆಯವರು ಕುರ್ಚಿ ಹಾಕಿ, ಚಹಾ-ಚುರಮುರಿ ಕೊಟ್ಟು, ಬಾಜೂ ಮನೆಯವರನ್ನೂ ಕರೆದರು. ಅವರ ಟಿ.ವಿ.ಯ ಹಳದಿ ತೂತಿಗೆ ಹಳದಿ, ಬಿಳಿಗೆ ಬಿಳಿ ವಾಯರು ಚುಚ್ಚಿದೆ. ಅರ್ಧ ತಾಸು ಎಲ್ಲರೂ ಮಿಸುಕದೆ ನೋಡಿದರು.

"ಭಾಳ ಚಂದ ಬಂದೈತ್ರಿ ಅಕ್ಕಾರ. ನಿಮ್ಮ ಸೀರಿ ಬಣ್ಣಾನೂ ಚಂದ ಎದ್ದೈತಿ," ಎಂದರು ಹುಡುಗನ ತಾಯಿ.

ಅಷ್ಟು ಹೊತ್ತಿನಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಹುಡುಗನಂತೂ ಹತ್ತನೆಯ ಶಬ್ದಕ್ಕೇ ಎದ್ದು ಹೊರಗೆ ಹೋಗಿದ್ದ.

ವಾಪಸು ಬರುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ. ಮಾಸ್ತರರು ವಹಿ ತೆಗೆದು ಬರೆದು ನನ್ನ ಮಡಿಲಲ್ಲಿಟ್ಟರು. "ಹುಡುಗ ಎದ್ದು ಹೋದದ್ದು ನೋಡಿದಿರಾ? ನಿಮ್ಮ ಟೇಪಿನಲ್ಲಿ ಅವನಿಲ್ಲ." ಸ್ವಲ್ಪ ಹೊತ್ತಿಗೆ ವಹಿ ತಿರುಗಿ ಇಸಿದುಕೊಂಡು ಕೆಳಗೆ ಸೇರಿಸಿದರು. "ನೀವು ಪಾಠ ಮಾಡಿದ್ದೀರಿ. ಮನೆಯಲ್ಲಿ ಯಾರೂ ಪಾಠ ಮಾತಾಡುವುದಿಲ್ಲ."

ನನಗೆ ಸಿಟ್ಟು ಬಂತು. ಎರಡು ತಿಂಗಳು ನೆರಳು ಹುಡುಕಿದವಳು ನಾನು. ಗೋಕಾಕ ಬರುವ ಹೊತ್ತಿಗೆ ಸಿಟ್ಟು ಇಳಿದು, ಅವರು ಬರೆದದ್ದು ಖರೆ ಎಂಬುದು ಉಳಿದಿತ್ತು. ನನ್ನ ಪಟ್ಟಿಯಲ್ಲಿ ಶಾಲೆ, ಬಸ್ಸು, ಪುಸ್ತಕ, ಧ್ವಜ ಎಲ್ಲ ಇದ್ದವು. ಆ ತಾಯಿ ಮಗನಿಗೆ ಏನು ಹೇಳಬೇಕೆಂದಿದ್ದಾಳೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಟೇಪನ್ನು ಕಪಾಟಿನಲ್ಲಿಟ್ಟೆ. ಇನ್ನು ಕ್ಯಾಮೆರಾದ ಮುಂದೆ ನಾನು ನಿಲ್ಲುವುದಿಲ್ಲ, ಮನೆಗೆ ಹೋಗಿ ಮಕ್ಕಳನ್ನೂ ಅವರ ಮನೆಯವರನ್ನೂ ತೆಗೆಯುತ್ತೇನೆ ಎಂದು ಹೆಡ್ ಮಾಸ್ತರರಿಗೆ ಹೇಳಿದೆ. ಸೂಟಿ ಶುರುವಾಗಿತ್ತು. ಕುರಿಗಾರರ ಮಗಳು ಆಗಲೇ ತನ್ನ ಪೆಟ್ಟಿಗೆ ಸಮೇತ ಊರಿಗೆ ಹೋಗಿದ್ದಳು. ಮೊದಲು ಅಲ್ಲಿಗೇ ಎಂದೆ.

"ಅವರು ಕಳಸಂಗಿಲ್ಲ ಅಂದಾರಲ್ರಿ, ಮತ್ತ್ಯಾಕ ಅಲ್ಲಿಗೆ?" ಎಂದರು ಅವರು.

"ಅದಕ್ಕಾ ಸರ್."

ಮಾಸ್ತರರೂ ನಾನೂ ಹೋದ ಮೊದಲ ದಿನ ದಂಡವಾಯಿತು. ಅಂಗಳದಲ್ಲಿ ಮೂರುಕಾಲಿನ ಸ್ಟ್ಯಾಂಡು ನಿಲ್ಲಿಸಿದ್ದೇ ತಡ, ತಾಯಿ ತಲೆ ತುಂಬ ಸೆರಗು ಎಳೆದುಕೊಂಡು ಒಳಗೆ ಸೇರಿದಳು. ಹುಡುಗಿ ಫೋಟೋಕ್ಕೆ ನಿಂತ ಹಾಗೆ ಎರಡೂ ಕೈ ತೊಡೆಗೆ ಅಂಟಿಸಿ ನಿಂತಳು. ಅಪ್ಪ ದನದ ಕಡೆ ಹೋದರು. ಆ ರಾತ್ರಿ ಮೂಡಲಗಿಯಲ್ಲಿ ನನ್ನ ಗೆಳತಿಯ ಮನೆಯಲ್ಲಿ ಉಳಿದು, ಮರುದಿನ ಸ್ಟ್ಯಾಂಡು ಅಲ್ಲೇ ಬಿಟ್ಟು ಬರಿಗೈಯಲ್ಲಿ ಕ್ಯಾಮೆರಾ ಹಿಡಿದು ಹೋದೆವು.

ಕುರಿಗಳು ಕಾಲುವೆ ದಂಡೆಗೆ ಹೋಗಿದ್ದವು. ನಾನು ದೂರ, ಜಾಲಿಗಿಡದ ಕೆಳಗೆ ನಿಂತು, ಗಾಜಿನ ಝೂಮನ್ನು ಹತ್ತಕ್ಕೂ ಎಳೆದು ಸುಮ್ಮನೆ ತೆಗೆಯುತ್ತ ಹೋದೆ. ಈ ದಂಡೆಯಲ್ಲಿ ಅಪ್ಪ, ಅವರ ಹಿಂದೆ ಮಗಳು. ಆ ದಂಡೆಯಲ್ಲಿ ತನ್ನ ಕುರಿ ಬಿಟ್ಟುಕೊಂಡು ಅವರ ತಮ್ಮ. ನಡುವೆ ತುಂಬಿ ಓಡುವ ನೀರು, ಅದರ ಸದ್ದಿಗೆ ಕೂಗಿದರೂ ಕೇಳಿಸದು. ತಮ್ಮ ಕೋಲನ್ನು ಅಡ್ಡ ಎತ್ತಿ, ಮೂರು ಬೆರಳು ತೋರಿಸಿ, ಕೈಯನ್ನು ಬೀಸಿ ಕೆಳಕ್ಕೆ ಇಳಿಸಿದ. ಅಪ್ಪ ಹೊರಳುವಷ್ಟರಲ್ಲಿ ಹುಡುಗಿ ಓಡಿಹೋಗಿ ಕಬ್ಬಿನ ಸಾಲಿನಿಂದ ಮೂರು ಕುರಿಗಳನ್ನು ಅಟ್ಟಿಕೊಂಡು ಬರುತ್ತಿದ್ದಳು.

ಮಧ್ಯಾಹ್ನ ಮನೆಯಲ್ಲಿ ಕರೆಂಟು ಇರಲಿಲ್ಲ. ಕ್ಯಾಮೆರಾದ ಅಂಗೈಯಗಲದ ಪರದೆಯನ್ನೇ ತಿರುಗಿಸಿ ಹಿಡಿದೆ. ಅಪ್ಪ, ತಾಯಿ, ಹುಡುಗಿ, ಮಾಸ್ತರರು, ಎಲ್ಲರ ತಲೆ ಒಂದೆಡೆ ಸೇರಿತು.

"ಇಂವ ನಮ್ಮ ತಮ್ಮ ಅಲ್ಲೇನು!" ಎಂದು ಅಪ್ಪ ನಕ್ಕರು.

"ಏನ ಅನ್ನಾಕತ್ತಾರ ಅವರು?"

"ಮೂರ ಕುರಿ ಕಬ್ಬಿಗೆ ಬಿದ್ದಾವ, ಹೊಳ್ಳಸು ಅಂದ."

"ಬಾಯಿಲೇ ಅಂದ್ರೇನು?"

"ಆ ನೀರಿನ ಸಪ್ಪಳದಾಗ ಎಲ್ಲಿ ಬಾಯಿರಿ? ಕೈ ಮಾಡಿದ. ನಾವು ಸಣ್ಣಾವರಿದ್ದಾಗಿಂದ ಹಂಗಾ."

"ಹೊಳ್ಳಿಸಿದವರು ಯಾರು?"

ಅವರು ಮತ್ತೊಮ್ಮೆ ಹಾಕಿ ಎಂದು ಬೆರಳು ತಿರುಗಿಸಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಮಗಳತ್ತ ನೋಡಿದರು. "ಇಕಿ," ಎಂದರು. "ಇಕಿಗೆ ತಿಳೀತು."

ಹುಡುಗಿಗೆ ಮೈಯೆಲ್ಲ ಹುರುಪು. ಕುರಿಗಳ ಹಿಂದೆ ಓಡುತ್ತಿರುವ ತನ್ನನ್ನೇ ತಾನು ನೋಡಿದ್ದಳು. ಅಪ್ಪನ ಮುಂದೆ ಬಂದು ನಿಂತು, ಮೂಗಿಗೆ ಕೈ ಒಯ್ದಳು. ಮಾಸ್ತರರು ನನ್ನ ತೋಳು ತಟ್ಟಿದರು. ನಾನು ಗುಂಡಿ ಒತ್ತಿದೆ.

"ನೋಡ್ರಿ, ಮತ್ತ ಮೂಗು," ಎಂದರು ಅಪ್ಪ.

ಹಿಂದಕ್ಕೆ ಓಡಿಸಿ, ಮೆಲ್ಲಗೆ ಬಿಟ್ಟು, ಹೆಜ್ಜೆ ಹೆಜ್ಜೆಗೆ ನಿಲ್ಲಿಸುತ್ತ ನೋಡಿದೆವು. ಬೆರಳು ಮೂಗಿಗೆ ಮುಟ್ಟುತ್ತಲೇ ಇರಲಿಲ್ಲ. ಹೆಬ್ಬೆರಳು-ತೋರುಬೆರಳು ಕೂಡಿ ಬಳೆಯಂಥ ಗುಂಡಗೆ ಆಗಿ, ಮೂಗಿನಿಂದ ತುಟಿಯವರೆಗೆ ಜೋತಿತ್ತು. ಮರುಗಳಿಗೆಗೆ ಇನ್ನೊಂದು ಕೈ ಏನನ್ನೋ ಹಿಡಿದು ನೆಲಕ್ಕೆ ಊರುತ್ತಿತ್ತು, ಬೆನ್ನು ಬಾಗುತ್ತಿತ್ತು. ಕೊನೆಗೆ ಎರಡೂ ಅಂಗೈ ಮೇಲಾಗಿ ತೆರೆಯುತ್ತಿದ್ದವು. ಕಣ್ಣೆದುರು ಇಷ್ಟೆಲ್ಲ ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿದುಹೋಗಿತ್ತು. ಮಾಸ್ತರರು ವಹಿಯಲ್ಲಿ ಬರೆದರು: "ದೊಡ್ಡ ನತ್ತು. ಕೋಲು. ಮುದುಕಿ. ಎಲ್ಲಿ?"

ನಾನು ಓದಿ ಹೇಳಿದೆ. "ಮನ್ಯಾಗ ದೊಡ್ಡ ನತ್ತಿನ ಆಯಿ ಯಾರರ ಇದ್ರೇನ್ರಿ?"

ತಾಯಿ ಅಲ್ಲೇ ಕೆಳಗೆ ಕುಳಿತಳು. "ನಮ್ಮತ್ತಿ. ಇಕೀನ್ನ ಬಗಲಾಗ ಹಾಕ್ಕೊಂಡಾ ಮಲಗತಿದ್ರು. ಸಂಕ್ರಾಂತಿ ಆದ ಮ್ಯಾಲ ತೀರಕೊಂಡ್ರು. ಇಕಿ ಸಾಲ್ಯಾಗ ಇದ್ಲು."

"ಇಕಿಗೆ ಹೇಳಿದ್ರೇನು?"

"ಹೆಂಗ ಹೇಳೂದ್ರಿ ಅಕ್ಕಾರ? ಬ್ಯಾಸಗ್ಯಾಗ ಬಂದಾಗ ಹಾಸಗಿ ನೋಡಿದ್ಲು, ಸುಮ್ಮನಾದ್ಲು. ಮರತಾಳ ಅನಕೊಂಡ್ವಿ."

ಆಯಿ ಎಲ್ಲಿ ಎಂದು ಆ ಮಗು ಕೇಳುತ್ತಲೇ ಇತ್ತು, ನಾವು ಅವಳ ಮೂಗು ಚುಚ್ಚಿಸಿದ್ದೆವು. ನಾವು ಎನ್ನುತ್ತೇನೆ. ಅದೇ ಕೈಯನ್ನು 'ಹೆಣ್ಣು' ಎಂದು ಹೇಳಿ ಕಳಿಸಿದವಳು ನಾನು.

ಹೇಳಲು ನನಗೆ ಬರುತ್ತಿತ್ತು. ನಾನು ಹುಡುಗಿಯತ್ತ ತಿರುಗಿ ಕೈ ಎತ್ತಿದೆ. ಮಾಸ್ತರರು ಅದನ್ನು ಹಿಡಿದು ಕೆಳಗಿಳಿಸಿ, ಅಪ್ಪನನ್ನು ತೋರಿಸಿದರು.

"ನನಗ ಬರೂದಿಲ್ರಿ," ಎಂದರು ಅಪ್ಪ.

"ಕುರಿ ಸತ್ರ ಆ ದಂಡೀಗೆ ಹೆಂಗ ಹೇಳತೀರಿ?"

ಅವರ ಕೈ ತಾನಾಗಿ ಎದ್ದಿತು, ಅರ್ಧಕ್ಕೇ ನಿಂತಿತು. "ಕುರೀಗೆ ಮಾಡಿದ್ದು ಅವ್ವಗ ಮಾಡಬಾರದ್ರಿ," ಎಂದರು. ಎದ್ದು, ಮಗಳ ಕೈ ಹಿಡಿದುಕೊಂಡು ಹೊಲದ ಕಡೆ ನಡೆದರು.

ನಾನು ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದೆ. ತಾಯಿ ತಡೆದಳು. "ಅದನ್ನ ತಗೊಂಡಾ ನಡೀರಿ ಅಕ್ಕಾರ. ಅವರು ಹೆಂಗ ಹೇಳತಾರ, ನಾನೂ ಕಲೀಬೇಕು."

ಹೊಲದ ಮೂಲೆಯಲ್ಲಿ ಮಣ್ಣಿನ ಗುಡ್ಡೆ, ಅದರ ಮೇಲೆ ನಾಲ್ಕು ಕಲ್ಲು, ಸುತ್ತ ಹುಲ್ಲು. ಅಪ್ಪ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡರು. ಬೆರಳು ಬಳೆ ಮಾಡಿ ಮೂಗಿಗೆ ಹಿಡಿದರು. ಬಾಗಿ ಕೋಲು ಊರಿದರು. ಎರಡು ಕೈ ಜೋಡಿಸಿ ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದರು. ಆಮೇಲೆ ಮೊಣಕಾಲೂರಿ, ಅಂಗೈಗಳನ್ನು ಆ ಮಣ್ಣಿನ ಮೇಲೆ ಇಟ್ಟು, ತಲೆ ಅಲ್ಲಾಡಿಸಿದರು: ಏಳುವುದಿಲ್ಲ. ಟೇಪಿನಲ್ಲಿ ಈಗಲೂ ನಡುವೆ ಫೋಕಸ್ಸು ಮುಂದಿನ ಹುಲ್ಲುಕಡ್ಡಿಗಳಿಗೆ ಹೋಗಿ, ಅವರಿಬ್ಬರೂ ಮಸುಕಾಗಿ, ಮತ್ತೆ ಮೂಡುತ್ತಾರೆ.

ಹುಡುಗಿ ಮಣ್ಣನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ಎದೆಯ ಮುಂದೆ ಎರಡು ತೋರುಬೆರಳು ಎದುರುಬದುರು ಹಿಡಿದು ಚುಚ್ಚಿದ ಹಾಗೆ ಮಾಡಿದಳು. ಅಪ್ಪ ನಮ್ಮತ್ತ ತಿರುಗಿದರು.

"ನೋವಾತೇನು ಅಂತ ಕೇಳಾಕತ್ತಾಳ, ಆಯಿಗೆ," ಎಂದು ಕೂಗಿದೆ.

ಅವರು ತಲೆ ಅಲ್ಲಾಡಿಸಿದರು. ಅವಳದೇ ಬೆರಳಿನ ಮಾತನ್ನು ತಾವೂ ಮಾಡಿ, ಕೈ ಆಡಿಸಿ 'ಇಲ್ಲ' ಎಂದರು. ಮತ್ತೆ ಕೈ ಜೋಡಿಸಿ ಕೆನ್ನೆಗೆ ಒತ್ತಿದರು. ಮಲಗಿದ್ದಲ್ಲೇ. ಹುಡುಗಿ ಅವರ ಕಂಬಳಿಯೊಳಗೆ ಮುಖ ಇಟ್ಟು ಅತ್ತಳು. ಆ ಅಳುವಿಗೆ ಒಂದು ದನಿ ಇತ್ತು. ಮೂರು ವರ್ಷ ತುಟಿ ತಿದ್ದಿದ ನಾನು ಆ ದನಿಯನ್ನು ಕೇಳಿರಲಿಲ್ಲ.

ಸೂಟಿ ಮುಗಿದ ಸೋಮವಾರ ಮೂವರೂ ಶಾಲೆಗೆ ಬಂದರು. ತಾಯಿ ಗೋಕಾಕಕ್ಕೆ ಬಂದದ್ದು ಅದೇ ಮೊದಲು. ಹುಡುಗಿಯ ಪೆಟ್ಟಿಗೆ ಅಪ್ಪನ ತಲೆಯ ಮೇಲಿತ್ತು. ಕಳಿಸುತ್ತೀರೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಸ್ವಲ್ಪ ಮಾತು ಕೇಳೂದೈತ್ರಿ," ಎಂದಳು ತಾಯಿ. "ಊಟ, ನೀರು ಎಲ್ಲಾ ಹೆಂಗೋ ನಡೀತೈತಿ. ಸಿಟ್ಟ ಮಾಡ್ಕೋಬ್ಯಾಡ ಅನ್ನೂದಕ್ಕ ಹೆಂಗ? ಅಂಜಬ್ಯಾಡ ಅನ್ನೂದಕ್ಕ ಹೆಂಗ? ಅಂಥಾವು."

ಹೊಸ ಟೇಪು ಹಾಕಿ, ಬೇವಿನ ನೆರಳಿಗೆ ಕರೆದೊಯ್ದೆ. ಆ ಮುಂಜಾನೆ ತೆಗೆದದ್ದೇ ಆಮೇಲೆ ನಾವು ಮನೆಮನೆಗೆ ಒಯ್ದ ಟೇಪು. ಹುಕ್ಕೇರಿಯ ಹುಡುಗ ಅದನ್ನು ಕೊನೆಯವರೆಗೂ ಕುಳಿತು ನೋಡಿದ, ಆಮೇಲೆ ತನ್ನ ತಾಯಿಯ ಮುಂದೆ ಕೈ ಎತ್ತಿದ. ಆದರೆ ಆಗ ನನಗೆ ಅದೇನೂ ಗೊತ್ತಿರಲಿಲ್ಲ. ಪರದೆಯನ್ನು ಅವರಿಗೆ ಕಾಣುವ ಹಾಗೆ ಎದುರಿಗೆ ತಿರುಗಿಸಿ, ಚೌಕಟ್ಟಿನಲ್ಲಿ ತಾಯಿ-ಮಗಳ ನಾಲ್ಕೂ ಕೈ ಹಿಡಿಯುತ್ತವೆಯೇ ಎಂದಷ್ಟೇ ನೋಡುತ್ತಿದ್ದೆ.

"ನಿನ್ನ ನೆನಪ ಬರತೈತಿ ಅನ್ನೂದಕ್ಕ?" ಎಂದು ತಾಯಿ ಕೇಳಿದಳು.

ಮಾಸ್ತರರು ತೋರಿಸಿದರು. ತಾಯಿ ಸೆರಗು ಸರಿಪಡಿಸಿಕೊಂಡು, ಮಗಳತ್ತ ತಿರುಗಿ ಮಾಡಿದಳು. ಕೈ ತುಸು ಕೆಳಗಾಯಿತು. ಹುಡುಗಿ ತಲೆ ಅಲ್ಲಾಡಿಸಿ, ತಾಯಿಯ ಮಣಿಕಟ್ಟು ಹಿಡಿದು ಹಣೆಯ ಪಕ್ಕಕ್ಕೆ ಎತ್ತಿ ಇಟ್ಟಳು. ಮಡಚಿದ್ದ ಬೆರಳೊಂದನ್ನು ಬಿಡಿಸಿ ನೆಟ್ಟಗೆ ಮಾಡಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಈಗ ಹೇಳು ಎಂದಳು.